635ರ ದೀಪ: ಬೆಳಿಗ್ಗೆ ಜೋರು, ಮಧ್ಯಾಹ್ನ ಸುಸ್ತು

ಬಾಯಲ್ಲಿನ ಬಿಳಿ ಮಚ್ಚೆಗೆ ಎಎಲ್‌ಎ ಅನ್ನೋ ಔಷಧ ಹಚ್ಚಿ 635 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಹಾಯಿಸ್ತಾರಲ್ಲ, ಆ ದೀಪದ ಮಾದರಿ ಇದು. ಮೇಜಿನ ಮೇಲಷ್ಟೇ, ಔಷಧ, ರೋಗಿ ಎರಡೂ ಡಾಕ್ಟರ ಪಾಲು. ಗುರಿ ಚದರ ಸೆಂ.ಮೀ.ಗೆ 100 ಮಿಲಿವ್ಯಾಟ್, 1000 ಸೆಕೆಂಡು, ಅಂದರೆ ಪ್ರತಿ ಚ.ಸೆಂ.ಮೀ.ಗೆ ಒಟ್ಟು 100 ಜೂಲ್. 10 ಮಿ.ಮೀ. ಅಕ್ರಿಲಿಕ್ ಸರಳಿನ ತುದಿ 0.785 ಚ.ಸೆಂ.ಮೀ., ಅಂದರೆ ಅಲ್ಲಿಂದ 78.5 ಮಿಲಿವ್ಯಾಟ್ ಬಂದರೆ ಲೆಕ್ಕ ಚುಕ್ತಾ.

ಚುಕ್ತಾ ಆಗಲಿಲ್ಲ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ, ಹತ್ತನೇ ನಿಮಿಷಕ್ಕೆ 100 ಇದ್ದದ್ದು 80. ಮೊದಲ ಅನುಮಾನ ಎಲ್ಇಡಿಗೆ ಸ್ಥಿರ ಕರೆಂಟ್ ಕೊಡೋ ಡ್ರೈವರ್ ಮೇಲೆ. ಮೀಟರ್ ಸರಣಿಯಲ್ಲಿ ಸೇರಿಸಿದರೆ 350 ಮಿಲಿಆಂಪ್, ಅಲುಗಾಡಿಲ್ಲ. ಆದರೆ ಎಲ್ಇಡಿಯ ವೋಲ್ಟೇಜು 2.20ರಿಂದ 2.08ಕ್ಕೆ ಜಾರಿತ್ತು. ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಅಂತ ಹಿಡಿದರೆ ಒಳಗೆ 60 ಡಿಗ್ರಿ ಏರಿಕೆ! ಕೆಂಪು ಎಲ್ಇಡಿಗೆ ಬಿಸಿ ಆಗಿಬರಲ್ಲ: ಬೆಳಕೂ ಕುಸಿಯುತ್ತೆ, ತರಂಗಾಂತರವೂ ಉದ್ದದ ಕಡೆ ಸರಿಯುತ್ತೆ.

ಬಿಚ್ಚಿ ನೋಡಿದರೆ, ಎಲ್ಇಡಿಯ ಬಿಸಿಯನ್ನು ಹೀಟ್‌ಸಿಂಕಿಗೆ (ಬಿಸಿ ಹೀರೋ ಲೋಹದ ತುಂಡು) ದಾಟಿಸೋ ಪೇಸ್ಟು ದೋಸೆಗೆ ಬೆಣ್ಣೆ ಮೆತ್ತಿದ ಹಾಗೆ. ಸ್ಕ್ರೂ ಒಂದೇ ಕಡೆ, ಇನ್ನೊಂದು ಅಂಚು ಎದ್ದಿದೆ. ಹೀಟ್‌ಸಿಂಕ್ ಮುಖವನ್ನು ಗಾಜಿನ ಮೇಲಿಟ್ಟ 400ರ ಮರಳು ಕಾಗದದಲ್ಲಿ ತಿಕ್ಕಿ, ಪೇಸ್ಟನ್ನು ಹಳೆ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆದು, ಎದುರುಬದುರು ಎರಡು ಎಂ3 ಸ್ಕ್ರೂ, ಮೇಲೊಂದು 12 ವೋಲ್ಟಿನ ಫ್ಯಾನು. ಈಗ ಕುಸಿತ 100ಕ್ಕೆ 4ರೊಳಗೆ. ಅದನ್ನೂ ನಂಬೋದು ಬೇಡ: ಸರಳಿನ ಪಕ್ಕದಲ್ಲಿ ಬೆಳಕು ಅಳೆಯೋ ಫೋಟೋಡಯೋಡಿನ ಓದನ್ನು ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಕೂಡುತ್ತಾ ಹೋಗಿ, 100 ಜೂಲ್ ತುಂಬಿದ ಮೇಲೇ ಆರಿಸುತ್ತೆ. ಫೋಟೋಡಯೋಡು ಹೀಟ್‌ಸಿಂಕಿಂದ ದೂರ ಇರಲಿ. ಮೂರು ನಿಮಿಷ ಬೆಳಕು, ಮೂರು ನಿಮಿಷ ಬಿಡುವು ಅನ್ನೋ ಕ್ರಮವೂ ಇದೆ. ಬಿಡುವಲ್ಲಿ ಅಂಗಾಂಶಕ್ಕೆ ಆಮ್ಲಜನಕ ಮರಳುತ್ತೆ, ನಮ್ಮ ಎಲ್ಇಡಿಗೂ ಉಸಿರು.

ಅಂಗಡಿಯವರ ಕಥೆ ಬೇರೆ. 635 ಕೇಳಿದರೆ ಬಂದದ್ದು 660, ಗಿಡ ಬೆಳೆಸೋ ದೀಪ. "ಎರಡೂ ಕೆಂಪೇ ಅಲ್ವಾ ಸಾರ್!" ಎಎಲ್‌ಎಯಿಂದ ಅಂಗಾಂಶದಲ್ಲಿ ತಯಾರಾಗಿ ಬೆಳಕು ಹೀರೋ ಪ್ರೋಟೋಪಾರ್ಫಿರಿನ್‌ಗೆ ಅಲ್ಲ. ಡಿವಿಡಿ ತುಣುಕಿನ ಸ್ಪೆಕ್ಟ್ರೋಮೀಟರನ್ನು ಸಿಎಫ್ಎಲ್‌ನ 546, 611 ಗೆರೆಗಳಿಗೆ ಹೊಂದಿಸಿ ನೋಡಿದರೆ ಮೋಸ ಕಣ್ಣಿಗೇ ಕಾಣುತ್ತೆ.

ಮುಂದಿನದು 405ರ ನೇರಳೆ ಟಾರ್ಚು, ಮಚ್ಚೆಯ ಕೆಂಪು ಹೊಳಪು ನೋಡೋಕೆ. ಪರೀಕ್ಷೆಗೆ ಕಂದು ಚಿಪ್ಪಿನ ಕೋಳಿಮೊಟ್ಟೆ ಸಾಕು, ಆ ಬಣ್ಣದಲ್ಲೂ ಇದೇ ಪ್ರೋಟೋಪಾರ್ಫಿರಿನ್. ಕನ್ನಡಕ ಮರೀಬೇಡಿ. ಆಮೇಲೆ ಮೊಟ್ಟೆ ಆಮ್ಲೆಟ್‌ಗೆ.