ಪಲ್ಲವಿಯಷ್ಟೇ ಕೇಳಿಸಿದ ಹಾಡು

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯುಎಸ್‌ಎ’ ಹಾಡನ್ನು ಇಂದು ಮತ್ತೆ ಕೇಳಿದಾಗ, 1984ರಲ್ಲಿ ಬಂದ ಇದನ್ನು ಅಷ್ಟೊಂದು ಜನ ದೇಶಾಭಿಮಾನದ ಜಯಘೋಷವೆಂದು ಏಕೆ ತಿಳಿದರೆಂಬುದು ಅರ್ಥವಾಯಿತು. ಗುಡುಗುವ ಡ್ರಮ್ಸ್, ಮತ್ತೆ ಮತ್ತೆ ಮರಳುವ ಸಿಂಥಸೈಜರ್‌ನ ಒಂದೇ ಸ್ವರಗುಚ್ಛ, ಮುಷ್ಟಿ ಎತ್ತಿ ಕೂಗಬೇಕೆನಿಸುವ ಪಲ್ಲವಿ, ಇವುಗಳ ನಡುವೆ ಚರಣಗಳ ಕಥೆ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಆ ಕಥೆಯಾದರೋ ವಿಯೆಟ್ನಾಂ ಯುದ್ಧಕ್ಕೆ ಹೋಗಿ, ಅಲ್ಲಿನ ಖೆ ಸಾನ್ ಕದನದಲ್ಲಿ ಸೋದರನನ್ನು ಕಳೆದುಕೊಂಡು, ಊರಿಗೆ ಮರಳಿ ತೈಲ ಸಂಸ್ಕರಣಾಗಾರದಲ್ಲಿ ಕೆಲಸ ಕೇಳಿದರೂ ಬರಿಗೈಯಲ್ಲಿ ಹೊರಬೀಳುವ ಕಾರ್ಮಿಕನದು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಚುನಾವಣಾ ಸಭೆಯೊಂದರಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿರುವ ಭರವಸೆಯ ಸಂದೇಶವನ್ನು ಕೊಂಡಾಡಿದರು. ಗಾಯಕರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಪಲ್ಲವಿಯನ್ನು ಹೆಮ್ಮೆಯಿಂದ ಹಾಡಿದವರೆಲ್ಲ ತಿಳಿಗೇಡಿಗಳು ಎಂಬ ಮಾತನ್ನು ನಾನು ಒಪ್ಪಲಾರೆ. ದೇಶ ಕೈಬಿಟ್ಟರೂ ‘ನಾನು ಇಲ್ಲಿಯೇ ಹುಟ್ಟಿದವನು’ ಎಂದು ಗಂಟಲು ಬಿರಿಯುವಂತೆ ಕೂಗುವವನಲ್ಲಿ ದುಃಖದ ಜೊತೆಗೆ ಹಕ್ಕಿನ ದನಿಯೂ ಇದೆ, ಮತ್ತು ಕೇಳುಗರು ಹಿಡಿದದ್ದು ಬಹುಶಃ ಆ ದನಿಯನ್ನೇ.

1982ರಲ್ಲಿ ಅವರು ಬರೀ ಅಕೌಸ್ಟಿಕ್ ಗಿಟಾರ್ ಹಿಡಿದು ಮನೆಯಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಇದರ ಮೊದಲ ರೂಪ 1998ರಲ್ಲಿ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿ ಹೊರಬಂದಿತು. ಸಾಹಿತ್ಯ ಬಹುಪಾಲು ಅದೇ ಆಗಿದ್ದರೂ ಅಲ್ಲಿ ಜಯಘೋಷದ ಸುಳಿವೇ ಇಲ್ಲ. ಪಲ್ಲವಿ ಅಳಲಿನಂತೆ ಕೇಳಿಸುತ್ತದೆ. ಈ ಹಾಡಿನ ಅರ್ಥದ ಬಗ್ಗೆ ವಾದಕ್ಕಿಳಿಯುವವರು ಮೊದಲು ಅದನ್ನೊಮ್ಮೆ ಕೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.