ಶಾಸನದ ಪಕ್ಕದ ಕ್ರಿ.ಶ. ಮತ್ತು ಸಂತ ಬೀಡ್

ಕಲಬುರಗಿ, ಬೀದರ್ ಕಡೆಯ ಶಾಸನ ಓದುವವರಿಗೆ ಶಕವರ್ಷ, ಚಾಲುಕ್ಯ ವಿಕ್ರಮ ವರ್ಷ, ಹಿಜರಿ ಮೂರೂ ಗೊತ್ತಿರಬೇಕು. ಮೂರನ್ನೂ ನಾವು ಕೊನೆಗೆ ಕ್ರಿ.ಶ.ಕ್ಕೆ ಇಳಿಸುತ್ತೇವೆ. ಆ ಎಣಿಕೆ ರೂಢಿಯಾಗಲು ಎಲ್ಲರಿಗಿಂತ ಹೆಚ್ಚು ಕಾರಣನಾದವನು ಉತ್ತರ ಇಂಗ್ಲೆಂಡಿನ ಜಾರೋ ಮಠದ ಸನ್ಯಾಸಿ ಬೀಡ್. ಅವನು 735ರಲ್ಲಿ ತೀರಿಕೊಂಡಾಗ ಇಲ್ಲಿ ಬಾದಾಮಿಯ ಎರಡನೇ ವಿಕ್ರಮಾದಿತ್ಯ ಆಳುತ್ತಿದ್ದ.

ಎಣಿಕೆ ಹುಟ್ಟಿದ್ದು ಅವನಿಂದಲ್ಲ. 525ರಲ್ಲಿ ಡಯೊನಿಸಿಯಸ್ ಎಂಬ ಸನ್ಯಾಸಿ ರೋಮಿನಲ್ಲಿ ಈಸ್ಟರ್ ಹಬ್ಬದ ದಿನ ಗೊತ್ತುಮಾಡುವ ಕೋಷ್ಟಕಕ್ಕಾಗಿ ಅದನ್ನು ರೂಪಿಸಿದ್ದ. ಬೀಡ್ 725ರಲ್ಲಿ ಕಾಲಗಣನೆಯ ಗ್ರಂಥ ಬರೆದು ಈಸ್ಟರ್ ದಿನಗಳು ಮರುಕಳಿಸುವ 532 ವರ್ಷಗಳ ಇಡೀ ಚಕ್ರವನ್ನು ವಿವರಿಸಿದ. ಚಂದ್ರನಿಗೆ 19 ವರ್ಷ, ವಾರಕ್ಕೂ ಅಧಿಕ ದಿನಕ್ಕೂ ಸೇರಿ 28 ವರ್ಷ, ಗುಣಿಸಿದರೆ 532. ಆ 19 ವರ್ಷಗಳಲ್ಲಿ 235 ಚಾಂದ್ರಮಾಸ ಬರುತ್ತವೆ. ನಮ್ಮ ಪಂಚಾಂಗದಲ್ಲಿ 19 ವರ್ಷಕ್ಕೆ ಸುಮಾರು 7 ಅಧಿಕ ಮಾಸ ಬೀಳುವುದೂ ಇದೇ ಲೆಕ್ಕದಿಂದ.

731ರಲ್ಲಿ ಮುಗಿಸಿದ ಇಂಗ್ಲಿಷ್ ಜನರ ಧರ್ಮಸಭೆಯ (ಚರ್ಚಿನ) ಇತಿಹಾಸವೆಂಬ ಗ್ರಂಥದಲ್ಲಿ ಅವನು ಈ ಎಣಿಕೆಯನ್ನು ಕೋಷ್ಟಕದಿಂದ ಕಥನಕ್ಕೆ ತಂದ. ಅದಕ್ಕೆ ಕಾರಣವಿತ್ತು. ಅಂದಿನ ಇಂಗ್ಲೆಂಡಿನ ನಾರ್ಥಂಬ್ರಿಯ, ಮರ್ಸಿಯ, ಕೆಂಟ್ ರಾಜ್ಯಗಳೆಲ್ಲಕ್ಕೂ ಬೇರೆ ಬೇರೆ ರಾಜರು, ಬೇರೆ ಬೇರೆ ಆಳ್ವಿಕೆಯ ವರ್ಷಗಳು; ಒಂದೇ ಗ್ರಂಥದಲ್ಲಿ ಅವುಗಳನ್ನು ಹೊಂದಿಸುವುದು ಕಷ್ಟ. ರಾಜನಿಗೆ ಕಟ್ಟುಬಿದ್ದ ಎಣಿಕೆಗೆ ನಮ್ಮಲ್ಲೇ ಉದಾಹರಣೆಯಿದೆ: ಕಲ್ಯಾಣದ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಶಕೆ, ಅಂದರೆ ಚಾಲುಕ್ಯ ವಿಕ್ರಮ ವರ್ಷ, ಆರಂಭಿಸಿದ. ಅವನ ವಂಶದ ಬಲ ಕುಂದಿದ ಮೇಲೆ ಅದು ಬಳಕೆ ತಪ್ಪಿತು. ಬೀಡ್ ಹಿಡಿದ ಎಣಿಕೆ ಯಾವ ರಾಜನಿಗೂ ಕಟ್ಟುಬಿದ್ದಿರಲಿಲ್ಲ, ಈಸ್ಟರ್ ಗೊತ್ತುಮಾಡಲು ಪ್ರತಿ ಮಠಕ್ಕೂ ಕೋಷ್ಟಕ ಬೇಕಿತ್ತು. ಅವನ ಹೆಸರು ಉಳಿದದ್ದು ಹೀಗೆ, ಪವಾಡಗಳಿಂದಲ್ಲ. ಅವನ ಇತಿಹಾಸದ 150ಕ್ಕೂ ಹೆಚ್ಚು ಹಸ್ತಪ್ರತಿಗಳು ಇಂದಿಗೂ ಇವೆ. ಡರ್ಹಮ್ ಕೆಥೆಡ್ರಲ್‌ನಲ್ಲಿ ಸಮಾಧಿಯಿದೆ. 1899ರಲ್ಲಿ ಹದಿಮೂರನೇ ಲಿಯೊ ಪೋಪ್ ಅವನನ್ನು ಧರ್ಮಸಭೆಯ ಪಂಡಿತನೆಂದು ಘೋಷಿಸಿದರು.

ಈಗ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿ. ತಿಥಿ ಮಾಘ, ಫಾಲ್ಗುಣದಲ್ಲಿದ್ದರೆ 79. ಪುಷ್ಯ ಡಿಸೆಂಬರ್ ಜನವರಿಗಳ ನಡುವೆ ಹರಡುವುದರಿಂದ ಅಲ್ಲಿ ತಿಥಿ ನೋಡಿಯೇ ತೀರ್ಮಾನಿಸಬೇಕು. ಹೆಚ್ಚು ಎಡವುವುದು ಇಲ್ಲೇ. ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿ. ಅದರ ಮೊದಲ ವರ್ಷ ನಳ ಸಂವತ್ಸರ, ಶಕ 998. ಕೆಲವು ಶಾಸನಗಳು ಮುಗಿದ ವರ್ಷವನ್ನು, ಕೆಲವು ನಡೆಯುತ್ತಿರುವ ವರ್ಷವನ್ನು ಹೇಳುವುದರಿಂದ ಒಂದು ವರ್ಷ ಹೆಚ್ಚುಕಡಿಮೆ ಆಗುತ್ತದೆ. ಆಗ ಸಂವತ್ಸರದ ಹೆಸರು, ವಾರ ಎರಡನ್ನೂ ತಾಳೆ ನೋಡಿ. ಸಂಖ್ಯೆಗಿಂತ ಸಂವತ್ಸರವನ್ನು ನಾನು ಹೆಚ್ಚು ನಂಬುತ್ತೇನೆ, ಕಲ್ಲಿನಲ್ಲಿ ಅಂಕಿ ಸವೆದು ತಪ್ಪು ಓದಾಗುವುದು ಸುಲಭ.

ಹಿಜರಿ ಚಾಂದ್ರ ವರ್ಷ, ಆದ್ದರಿಂದ ಬರೀ ಕೂಡಿಸಿದರೆ ಸಾಲದು. ವರ್ಷವನ್ನು 0.97ರಿಂದ ಗುಣಿಸಿ 621.5 ಕೂಡಿಸಬೇಕು. ಬಹಮನಿ ರಾಜ್ಯ ಶುರುವಾದ ಹಿಜರಿ 748ಕ್ಕೆ 1347 ಬರುತ್ತದೆ. ಆದರೆ ಆ ವರ್ಷ 1348ರ ಮಾರ್ಚ್ ಕೊನೆಯವರೆಗೆ ಹಬ್ಬಿದೆ. ತಿಂಗಳು ಗೊತ್ತಿಲ್ಲದಿದ್ದರೆ 1347-48 ಎಂದೇ ಬರೆಯಬೇಕು.

ಕ್ರಿಸ್ತಪೂರ್ವಕ್ಕೆ ಹೋದಾಗ ಇನ್ನೊಂದು ತೊಡಕು. ಸೀಸರ್ ಬ್ರಿಟನ್ನಿಗೆ ಬಂದದ್ದನ್ನು ಬೀಡ್ ಕ್ರಿಸ್ತನ ಅವತಾರಕ್ಕೆ ಹಿಂದಿನ 60ನೇ ವರ್ಷವೆಂದು ಬರೆದ, ಆದರೆ ಈ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ. ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1. ಸನ್ನತಿಯ ಅಶೋಕ ಶಾಸನದ ಕಾಲದಿಂದ ಇಲ್ಲಿಯವರೆಗಿನ ವರ್ಷ ಎಣಿಸುವಾಗ ಕ್ರಿ.ಪೂ., ಕ್ರಿ.ಶ. ಎರಡನ್ನೂ ಕೂಡಿಸಿ ಒಂದು ಕಳೆಯಿರಿ.