ಡ್ಯಾಮ್ ತುಂಬಿದ ಮೇಲೆ ನೆಲ ನಡುಗಿದರೆ ಏನು ನೋಡಬೇಕು?

ಸಾಗರ, ಹೊಸನಗರದ ಕಡೆ ನೆಲದೊಳಗೆ ಗುಡುಗುಡು ಸದ್ದಾದರೆ ಜನ ಮೊದಲು ಕೇಳುವುದು, "ಡ್ಯಾಮಿಗೇನಾದ್ರೂ ಆಯ್ತಾ?" ಎಂದೇ. ಅಣೆಕಟ್ಟೆಯ ಉಪಕರಣ ನೋಡಿಕೊಳ್ಳುವವರು ಇದಕ್ಕೆ ಉತ್ತರ ಹೇಳಬೇಕಾದರೆ ನೀರಿನ ಮಟ್ಟದ ರಿಜಿಸ್ಟರನ್ನೂ ಕಂಪನದ ದಾಖಲೆಯನ್ನೂ ಒಟ್ಟಿಗೆ ಬಿಚ್ಚಿಕೊಂಡು ಕೂರಬೇಕು.

ನೀರಿನ ಭಾರಕ್ಕೇ ನೆಲ ಬಿರಿಯುತ್ತದೆ ಅನ್ನುವುದು ಅರ್ಧ ಸತ್ಯ. 50 ಮೀಟರ್ ನೀರು ಚದರ ಮೀಟರಿಗೆ 50 ಟನ್ ಭಾರ ಹಾಕುತ್ತದೆ. ಐದು ಕಿ.ಮೀ. ಆಳದಲ್ಲಿ ಮೇಲಿನ ಕಲ್ಲಿನದೇ ಭಾರ 13,000 ಟನ್ನಿನ ಆಸುಪಾಸು. ಅದರ ಮುಂದೆ ಇದು ಏನೇನೂ ಅಲ್ಲ. ಆದರೆ ಆಳದ ಬಿರುಕು ಮೊದಲೇ ಜಾರುವ ಹಂತದಲ್ಲಿದ್ದರೆ, ಸೀಳುಗಳಲ್ಲಿ ಇಳಿದ ನೀರಿನ ಒತ್ತಡ ಅದರ ಎರಡು ಮುಖಗಳ ಬಿಗಿಯನ್ನು ಸಡಿಲಿಸುತ್ತದೆ. ಒತ್ತಡ ಅಷ್ಟು ಆಳ ಮುಟ್ಟಲು ಕಾಲ ಬೇಕು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಲ್ಲಿ ನೀರು ನಿಲ್ಲತೊಡಗಿ ಐದಾರು ವರ್ಷದ ಮೇಲೆ, 1967ರ ಡಿಸೆಂಬರ್ 11ರ ನಸುಕಿನಲ್ಲಿ, 6.3 ತೀವ್ರತೆಯ ಕಂಪನವಾಯಿತು. ಆಗ ಮಳೆಗಾಲ ಮುಗಿದಿತ್ತು. ಮಳೆ ನಿಂತಿತೆಂದು ನಿಗಾ ಸಡಿಲಿಸುವುದು ದೊಡ್ಡ ತಪ್ಪು.

ರಿಜಿಸ್ಟರಿನಲ್ಲಿ ಇವತ್ತಿನ ಮಟ್ಟ ಮಾತ್ರ ಬರೆದರೆ ಸಾಲದು. ನಿನ್ನೆಯಿಂದ ಎಷ್ಟು ಏರಿತು, ಹಿಂದಿನ ಗರಿಷ್ಠ ದಾಟಿತೇ, ಮೇಲಿನ ಮಟ್ಟದಲ್ಲಿ ಎಷ್ಟು ದಿನ ನಿಂತಿತು, ಇವಕ್ಕೆ ಬೇರೆ ಅಂಕಣ ಬೇಕು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಲ್ಲಿ 1810 ಅಡಿ ಎಂದಷ್ಟೇ ಬರೆದಿದ್ದರೆ, ಅದು ಜುಲೈಯಲ್ಲಿ ಸರಸರ ಏರಿದ ನೀರೋ, ಎರಡು ತಿಂಗಳಿಂದ ನಿಂತ ನೀರೋ ಗೊತ್ತೇ ಆಗದು.

ಕಂಪನಮಾಪಕದಲ್ಲಿ ಮೊದಲ ಅಲೆ ಬಂದು ಎಷ್ಟು ಸೆಕೆಂಡಿಗೆ ಎರಡನೆಯದು ಬಂತೋ ಅದನ್ನು ಎಂಟರಿಂದ ಗುಣಿಸಿ. 2.5 ಸೆಕೆಂಡ್ ಆದರೆ ಸುಮಾರು 20 ಕಿ.ಮೀ. ದೂರ. ಇಷ್ಟರಿಂದ ದಿಕ್ಕು ತಿಳಿಯದು. ಜಾಗ ಗುರುತಿಸಲು ಕನಿಷ್ಠ ಮೂರು ಕೇಂದ್ರ ಬೇಕು, ಮೂರರ ಗಡಿಯಾರವೂ ಸರಿಯಿರಬೇಕು. ಒಂದು ಸೆಕೆಂಡ್ ತಪ್ಪಿದರೆ ಲೆಕ್ಕ ಆರು ಕಿ.ಮೀ.ಯಷ್ಟು ಹಳಿ ತಪ್ಪಬಹುದು. ಮಲೆನಾಡಲ್ಲಿ ದಟ್ಟ ಮರದಡಿ ಇಟ್ಟ, ಗಡಿಯಾರಕ್ಕೆ ಸರಿ ಸಮಯ ಕೊಡುವ ಜಿಪಿಎಸ್ ಆಂಟೆನಾ ಉಪಗ್ರಹ ಹಿಡಿಯುವುದಿಲ್ಲ, ಮೋಡದ ದಿನಗಳಲ್ಲಿ ಸೋಲಾರ್ ಬ್ಯಾಟರಿ ತುಂಬುವುದಿಲ್ಲ, ಸಿಡಿಲಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಯಂತ್ರವೇ ಹೋಗುತ್ತದೆ. ಹಗಲು ಹೊತ್ತು ಮಾತ್ರ, ಅದೂ ದಿನಾ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುವ ಕಂಪನವಾದರೆ ಮೊದಲು ಹತ್ತಿರದ ಕಲ್ಲುಕ್ವಾರಿಯಲ್ಲಿ ಸ್ಫೋಟದ ಸಮಯ ವಿಚಾರಿಸಿ.

ನಡುಕ ಅನುಭವಕ್ಕೆ ಬಂದ ಕೂಡಲೇ ಗ್ಯಾಲರಿಗೆ, ಅಂದರೆ ಕಟ್ಟೆಯೊಳಗಿನ ಸುರಂಗದಾರಿಗೆ, ಇಳಿದು ಸೋರಿಕೆ ನೀರು ಅಳೆಯಬೇಕು. ಸೋರಿಕೆ ನೀರು ಹರಿದು ಹೋಗುವ, ಅದರ ಪ್ರಮಾಣ ಅಳೆಯಲೆಂದೇ ಇಟ್ಟ ವಿ ಆಕಾರದ ಕಿಂಡಿಯ ಅಂಚಿಗೆ ಕಟ್ಟಿದ ಪಾಚಿ, ಬಿಳಿ ಸುಣ್ಣವನ್ನು ಆಗಲೇ ಉಜ್ಜಬೇಡಿ; ಇದ್ದಂತೆಯೇ ಒಮ್ಮೆ ಅಳೆದು, ಉಜ್ಜಿ, ನೀರು ನೆಲೆಗೊಂಡ ಮೇಲೆ ಮತ್ತೊಮ್ಮೆ ಅಳೆಯಿರಿ. ಇಲ್ಲವಾದರೆ ನಿನ್ನೆಯ ಅಳತೆಗೆ ಹೋಲಿಸಲಾಗದು. ಕಿಂಡಿಯ ಬಾಯಲ್ಲಿ ನೀರು ತಗ್ಗುವುದರಿಂದ, ಕಿಂಡಿಯ ಮೇಲಿನ ನೀರಿನ ಎತ್ತರದ ನಾಲ್ಕು ಪಟ್ಟಾದರೂ ದೂರ, ನೀರು ಬರುವ ಬದಿಗೆ ಹಿಂದೆ ಸರಿದು ಓದಬೇಕು. 90 ಡಿಗ್ರಿ ಕಿಂಡಿಯಲ್ಲಿ ಆ ಎತ್ತರ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 11 ಆದರೆ 5.5. ಒಂದೇ ಸೆಂಟಿಮೀಟರಿಗೆ ಕಾಲು ಪಾಲು ಏರಿಕೆ! ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಅದೇ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಪ್ರಮಾಣ ಏರದೆ ನೀರು ಬರೀ ಕದಡಿದ್ದರೂ ಮೇಲಿನವರಿಗೆ ತಕ್ಷಣ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಆಮೇಲೆ ಗೇಟುಗಳು ಸಲೀಸಾಗಿ ಆಡುತ್ತವೆಯೇ ಪರೀಕ್ಷಿಸಿ. ಕಟ್ಟೆಯ ಕೆಳಬದಿಯಲ್ಲಿ ಇಳಿಜಾರು ಬದಲಾಗುವ ಕತ್ತಿನ ಭಾಗಕ್ಕೆ ಟಾರ್ಚ್ ಬಿಡಿ. ಕೊಯ್ನಾದ ಎತ್ತರದ ಬ್ಲಾಕುಗಳಲ್ಲಿ ಬಿರುಕು ಬಿಟ್ಟಿದ್ದು ಅಲ್ಲೇ.